ಅದಲು ಬದಲಾದರೂ ಉಳಿಯುವುದು

ಗಾಳಿಯಿಲ್ಲದ ಹೊತ್ತಿನಲ್ಲಿ ಮುಂಡಗೋಡ ತಾಲ್ಲೂಕಿನ ಸನವಳ್ಳಿ ಜಲಾಶಯ ಆಚೆ ದಡದ ಮರಗಳನ್ನು ತಲೆಕೆಳಗಾಗಿ ತನ್ನೊಳಗೆ ಹಿಡಿದುಕೊಂಡಿರುತ್ತದೆ. ಮೇಲೊಂದು ಕಾಡು, ಕೆಳಗೊಂದು ಕಾಡು. ನಡುವೆ ನೀರಿನ ಅಂಚು ಎಳೆದ ಒಂದೇ ಗೆರೆ. ದಂಡೆಯ ಮೇಲೆ ಹಾದುಹೋಗುವವರು ಯಾರೇ ಆಗಲಿ, ಅದನ್ನು ಕಂಡು ಒಂದು ಗಳಿಗೆ ನಿಲ್ಲುತ್ತಾರೆ. ಆ ಮರಗಳು ಅವರಿಗೆ ಹೊಸವಲ್ಲ, ಆ ನೀರೂ ಹೊಸದಲ್ಲ. ಹಾಗಾದರೆ ಕಾಲು ನಿಂತದ್ದು ಯಾವುದಕ್ಕೆ? ಮರಕ್ಕೋ, ನೀರಿಗೋ, ಇಲ್ಲವೆ ಅವೆರಡರ ನಡುವೆ ಏರ್ಪಟ್ಟ ಒಂದು ಒಪ್ಪಂದಕ್ಕೋ?

ಕಣ್ಣು ಹೀಗೆ ಸೋಲುವ ಜಾಗಗಳು ನಮ್ಮ ಸುತ್ತ ಬೇಕಾದಷ್ಟಿವೆ. ಚಿಟ್ಟೆ ರೆಕ್ಕೆ ಬಿಚ್ಚಿ ಕೂತಾಗ ಎಡದ ಚುಕ್ಕಿಗೆ ಬಲದಲ್ಲೊಂದು ಜೊತೆಯಿರುತ್ತದೆ. ಬೆಂಡೆಕಾಯಿಯನ್ನು ಅಡ್ಡಕ್ಕೆ ಹೆಚ್ಚಿದರೆ ಐದು ಮನೆಗಳು ಸುತ್ತ ಕೂತಿರುತ್ತವೆ. ಈ ಸೀಮೆಯ ಕಾಡಿನ ತೇಗದ ಸಸಿಯನ್ನು ಮೇಲಿನಿಂದ ನೋಡಿದರೆ ಎದುರುಬದುರಾದ ಒಂದು ಜೊತೆ ಎಲೆ ಪೂರ್ವ ಪಶ್ಚಿಮಕ್ಕೆ ಚಾಚಿಕೊಂಡಿದ್ದರೆ ಅದರ ಮೇಲಿನ ಜೊತೆ ಉತ್ತರ ದಕ್ಷಿಣಕ್ಕೆ ಚಾಚಿಕೊಂಡಿರುತ್ತದೆ; ಮೇಲಿನದು ಕೆಳಗಿನದಕ್ಕೆ ಬಿಸಿಲು ಬಿಟ್ಟುಕೊಡುತ್ತದೆ. ಗಣಿತದ ಪಾಠದಲ್ಲಿ ಈ ಗುಣಕ್ಕೆ ಸಮಮಿತಿ ಎಂದು ಹೆಸರು. ಮಕ್ಕಳು ಕಾಗದ ಮಡಚಿ, ಎರಡು ಭಾಗಗಳು ಒಂದರ ಮೇಲೊಂದು ಸರಿಯಾಗಿ ಕೂತವೇ ಎಂದು ನೋಡಿ, ಮಡಿಕೆಯ ಗುಂಟ ಗೆರೆ ಎಳೆದು, ಅಂಕ ಪಡೆದು ಮುಂದೆ ಹೋಗುತ್ತಾರೆ. ಅಲ್ಲಿಗೆ ಪಾಠ ಮುಗಿಯಿತು. ಆದರೆ ಅರ್ಥ ಮುಗಿಯಿತೇ? ಇಷ್ಟು ಕಡೆಗಳಲ್ಲಿ, ಇಷ್ಟು ಹಟದಿಂದ ಸೃಷ್ಟಿ ಮತ್ತೆ ಮತ್ತೆ ಬರೆಯುತ್ತಿರುವ ಈ ಅಕ್ಷರದಲ್ಲಿ ಬದುಕಿಗೆ ಬೇಕಾದ ಮಾತು ಯಾವುದಾದರೂ ಇದೆಯೇ?

ಬೆಳಗಿನ ಅಂಗಳದಿಂದಲೇ ಹೊರಡೋಣ. ಸಂದುಚುಕ್ಕಿಯ ರಂಗೋಲಿ, ಏಳರಿಂದ ನಾಲ್ಕು. ನಡುವಿನ ಸಾಲಿಗೆ ಏಳು ಚುಕ್ಕಿ. ಅದರ ಆಚೆಗೊಂದು ಈಚೆಗೊಂದು ಆರರ ಸಾಲು, ಸಂದಿಗೆ ಚುಕ್ಕಿ ಬರುವಂತೆ. ಆಮೇಲೆ ಐದು, ಕೊನೆಗೆ ನಾಲ್ಕು. ಒಟ್ಟು 37 ಚುಕ್ಕಿ. ಅಂತರ ಎಲ್ಲ ಕಡೆ ಒಂದೇ ಆಗಿದ್ದರೆ ನೆಲದ ಮೇಲೆ ಆರು ಬದಿಯ ಒಂದು ಆಕೃತಿ ಕೂತಿರುತ್ತದೆ. ಈಗ ಮನಸ್ಸಿನಲ್ಲೇ ಆ ಅಂಗಳವನ್ನು ಆರನೆಯ ಒಂದು ಪಾಲಿನಷ್ಟು ತಿರುಗಿಸಿ. ನಡುವಿನ ಒಂದು ಚುಕ್ಕಿಯನ್ನು ಬಿಟ್ಟರೆ ಉಳಿದ 36 ಚುಕ್ಕಿಗಳೂ ತಮ್ಮ ಜಾಗ ಬಿಟ್ಟವು. ಪ್ರತಿಯೊಂದೂ ಇನ್ನೊಂದರ ಜಾಗಕ್ಕೆ ಹೋಯಿತು. ಚಿತ್ರ ಮಾತ್ರ ಇದ್ದ ಹಾಗೆಯೇ ಇದೆ! ತಿರುಗಿಸುವ ಹೊತ್ತಿನಲ್ಲಿ ಕಣ್ಣು ಮುಚ್ಚಿಕೊಂಡಿದ್ದವರಿಗೆ ಏನೂ ಆದದ್ದೇ ತಿಳಿಯುವುದಿಲ್ಲ.

ಸಮಮಿತಿ ಎಂದರೆ ಗಣಿತಜ್ಞರು ಹೇಳುವುದು ಇದನ್ನೇ. ಒಂದು ವಸ್ತುವಿಗೆ ಏನಾದರೊಂದು ಮಾಡಿ, ತಿರುಗಿಸಿ, ಮಗುಚಿ, ಸರಿಸಿ, ಅದಲು ಬದಲು ಮಾಡಿ. ಆಮೇಲೂ ಅದು ಮೊದಲಿನಂತೆಯೇ ಇದ್ದರೆ ಅಷ್ಟರಮಟ್ಟಿಗೆ ಅದರಲ್ಲಿ ಸಮಮಿತಿಯಿದೆ. ಚೌಕವನ್ನು ಹೀಗೆ ಎಂಟು ರೀತಿಯಲ್ಲಿ ಪರೀಕ್ಷಿಸಬಹುದು, ಷಡ್ಭುಜವನ್ನು ಹನ್ನೆರಡು ರೀತಿಯಲ್ಲಿ. ವೃತ್ತದ ಪರೀಕ್ಷೆಗೆ ಕೊನೆಯೇ ಇಲ್ಲ. 1832ರಲ್ಲಿ, ಇಪ್ಪತ್ತರ ಹರೆಯದಲ್ಲೇ ತೀರಿಕೊಂಡ ಫ್ರಾನ್ಸಿನ ಎವರಿಸ್ಟ್ ಗಾಲ್ವಾ, ಸಮೀಕರಣದ ಮೂಲಗಳನ್ನು ತಮ್ಮತಮ್ಮಲ್ಲೇ ಅದಲು ಬದಲು ಮಾಡಿದಾಗ ಯಾವ ಸಂಬಂಧಗಳು ಕದಲದೆ ಉಳಿಯುತ್ತವೆ ಎಂದು ಕೇಳಿದ. ಬೀಜಗಣಿತದ ದಾರಿಯೇ ಆ ಪ್ರಶ್ನೆಯಿಂದ ತಿರುಗಿತು. ಎಡ ಬಲ ಹೊಂದುವ ಚೆಲುವು ಸಮಮಿತಿಯ ಹೊಸ್ತಿಲಷ್ಟೇ. ಒಳಗಿನ ಮಾತು ಬೇರೆ: ಕದಲಿಸಿದ ಮೇಲೂ ಕದಲದ್ದು ಯಾವುದು? ಯೋಚಿಸಿ ನೋಡಿದರೆ ಇದು ಆಕೃತಿಗಳಿಗೆ ಮಾತ್ರ ಕೇಳುವ ಪ್ರಶ್ನೆಯೇ? ಊರು ಬದಲಾದಾಗ, ಅಧಿಕಾರ ಬಂದಾಗ, ಅದು ಹೋದಾಗ, ಹೊಗಳಿಕೆಯಲ್ಲಿ, ನಿಂದೆಯಲ್ಲಿ ನಮ್ಮೊಳಗೆ ಬದಲಾಗದೆ ನಿಂತದ್ದು ಏನು ಎಂದು ನಾವು ನಮ್ಮನ್ನೇ ಕೇಳಿಕೊಳ್ಳಬೇಕಾದ ಪ್ರಶ್ನೆಯೂ ಇದೇ ಅಲ್ಲವೇ?

ಈ ಪ್ರಶ್ನೆಗೆ ಬಾಳಿಕೊಂಡೇ ಉತ್ತರ ಕೊಟ್ಟ ಒಂದು ಸಮುದಾಯ ಮುಂಡಗೋಡದ ಮಗ್ಗುಲಲ್ಲೇ ಇದೆ. 1959ರಲ್ಲಿ ದಲೈ ಲಾಮಾ ಅವರ ಬೆನ್ನಿಗೆ ಹಿಮಾಲಯ ದಾಟಿ ಬಂದ ಟಿಬೆಟಿನ ಜನರಿಗೆ ಇಲ್ಲಿ 1966ರಲ್ಲಿ ನೆಲೆ ಸಿಕ್ಕಿತು. ಲ್ಹಾಸಾದ ಆಸುಪಾಸಿನಲ್ಲಿ 1409ರಲ್ಲಿ ಹುಟ್ಟಿದ ಗಾಡೆನ್, 1416ರಲ್ಲಿ ಹುಟ್ಟಿದ ಡ್ರೆಪುಂಗ್ ಮಠಗಳು ಅದೇ ಹೆಸರಿನಲ್ಲಿ, ಅದೇ ಪಾಠ ಪ್ರವಚನದೊಂದಿಗೆ ಇಲ್ಲಿನ ಕ್ಯಾಂಪುಗಳಲ್ಲಿ ಮತ್ತೆ ಎದ್ದು ನಿಂತವು. ಹಿಮದ ನಾಡು ಹೋಗಿ ಜೋಳ ಭತ್ತದ ಅರೆಮಲೆನಾಡು ಬಂತು. ಹವೆ ಬೇರೆ, ನೀರು ಬೇರೆ, ಸುತ್ತಲಿನ ಮಾತು ಬೇರೆ. ಒಂದು ವಿನ್ಯಾಸವನ್ನು ಇದ್ದಲ್ಲಿಂದ ಎತ್ತಿ ಇನ್ನೊಂದೆಡೆ ಇಟ್ಟರೂ ಅದು ಕೆಡದಿದ್ದರೆ ಗಣಿತದಲ್ಲಿ ಅದೂ ಒಂದು ಬಗೆಯ ಸಮಮಿತಿಯೇ. ಮನುಷ್ಯರ ಪಾಲಿಗೆ ಆ ಎತ್ತಿಡುವಿಕೆ ಎಷ್ಟು ನೋವಿನದೆಂದು ಮನೆ ಬಿಟ್ಟವರೇ ಬಲ್ಲರು. ಎಲ್ಲವನ್ನೂ ಹೊತ್ತು ತರಲಾಗದಾಗ ಯಾವುದನ್ನು ಮೊದಲು ಎತ್ತಿಕೊಳ್ಳಬೇಕು ಎಂಬ ವಿವೇಕವೇ ಅವರನ್ನು ಉಳಿಸಿತು.

ಈ ಪರಂಪರೆಯ ಭಿಕ್ಷುಗಳು ಬಿಡಿಸುವ ಮರಳಿನ ಮಂಡಲವನ್ನು ಹತ್ತಿರದಿಂದ ನೋಡಬೇಕು. ಮೊದಲು ದಾರ ಹಿಡಿದು ನಡುಗೆರೆಗಳನ್ನು ಹಾಕಿಕೊಳ್ಳುತ್ತಾರೆ. ಆಮೇಲೆ ನಡುವಿನಿಂದ ಹೊರಕ್ಕೆ ಕೆಲಸ ಬೆಳೆಯುತ್ತದೆ. ಕೈಯಲ್ಲಿ ಚಕ್‌ಪುರ್ ಎಂಬ ಉದ್ದನೆಯ ಲೋಹದ ಆಲಿಕೆ. ಅದರ ಮೈಮೇಲೆ ಗರಗಸದಂಥ ಗೆರೆಗಳು. ಇನ್ನೊಂದು ಕಡ್ಡಿಯಿಂದ ಆ ಗೆರೆಗಳನ್ನು ಉಜ್ಜಿದರೆ ಕಂಪನಕ್ಕೆ ಬಣ್ಣದ ಮರಳು ಸಣ್ಣ ಎಳೆಯಾಗಿ ಇಳಿಯುತ್ತದೆ. ನಾಲ್ಕು ದಿಕ್ಕಿಗೆ ನಾಲ್ಕು ದ್ವಾರ. ಒಂದು ದಿಕ್ಕಿನಲ್ಲಿ ಕೂತವನು ಎಷ್ಟೇ ನಿಪುಣನಾಗಿರಲಿ, ತನ್ನ ದ್ವಾರವನ್ನು ಉಳಿದ ಮೂರಕ್ಕಿಂತ ಚೆಂದ ಮಾಡಲು ಹೋದರೆ ಮಂಡಲ ಕೆಡುತ್ತದೆ. ಅಲ್ಲಿ ಕುಶಲತೆಗೆ ಎಷ್ಟು ಬೆಲೆಯೋ ಕೈ ತಡೆದುಕೊಳ್ಳುವುದಕ್ಕೂ ಅಷ್ಟೇ ಬೆಲೆ. ದಿನಗಟ್ಟಲೆ ಬೆನ್ನು ಬಾಗಿಸಿ ಮುಗಿಸಿದ ಮೇಲೆ, ಪೂಜೆಯಾಗಿ, ಅದೇ ಕೈಗಳು ಆ ಮರಳನ್ನು ಅಂಚಿನಿಂದ ನಡುವಿಗೆ ಗುಡಿಸಿ, ಒಟ್ಟುಮಾಡಿ, ಹರಿವ ನೀರಿಗೆ ಬಿಡುತ್ತವೆ.

ನಮಗೆ ಕರುಳು ಚುರ್ ಎನ್ನುತ್ತದೆ. ಅವರಿಗೆ ಏಕೆ ಎನ್ನುವುದಿಲ್ಲ? ಮಂಡಲವಿದ್ದದ್ದು ಮರಳಿನಲ್ಲಿ ಅಲ್ಲವೆಂದು ಅವರು ಬಲ್ಲರು. ಅದು ಇದ್ದದ್ದು ಅಳತೆಯಲ್ಲಿ, ಕ್ರಮದಲ್ಲಿ, ಒಬ್ಬ ಗುರು ಒಬ್ಬ ಶಿಷ್ಯನಿಗೆ ದಾಟಿಸಿದ ಎಚ್ಚರದಲ್ಲಿ. ಲ್ಹಾಸಾದಲ್ಲಿ ಬರೆದರೂ ಮುಂಡಗೋಡದಲ್ಲಿ ಬರೆದರೂ ಅದು ಅದೇ. ನಮ್ಮ ಹೆಣ್ಣುಮಕ್ಕಳಿಗೂ ಇದು ಗೊತ್ತಿಲ್ಲದ ಸಂಗತಿಯೇನಲ್ಲ. ಬೆಳಗಿನ ರಂಗೋಲಿ ಸಂಜೆಯೊಳಗೆ ಕಾಲಡಿಗೆ ಸಿಕ್ಕಿ ಅಳಿಸಿಹೋಗುತ್ತದೆ. ಮರುದಿನ ಬೆಳಿಗ್ಗೆ ನೀರು ಚಿಮುಕಿಸಿ ಮತ್ತೆ ಚುಕ್ಕಿಯಿಡುತ್ತಾರೆ. ವಸ್ತು ಹೋದರೂ ನಿಯಮ ಉಳಿಯುತ್ತದೆ ಎಂಬ ಇಷ್ಟು ದೊಡ್ಡ ಮಾತನ್ನು ಇಷ್ಟು ಸಲೀಸಾಗಿ ಬದುಕುವ ಜನ ನಾವು. ಆದರೂ ಸಾವು ನೋವು ಬಂದಾಗ ವಸ್ತುವಿಗೇ ಜೋತುಬೀಳುತ್ತೇವೆ.

ನಿಯಮ ಉಳಿಯುತ್ತದೆ ಎಂಬ ಈ ಮಾತು ಬರಿಯ ಸಮಾಧಾನವೋ, ಲೋಕದ ತಳಹದಿಯೋ? ಜರ್ಮನಿಯ ಎಮಿ ನೋದರ್ 1918ರಲ್ಲಿ ಪ್ರಕಟಿಸಿದ ಪ್ರಮೇಯ ಅದು ತಳಹದಿಯೇ ಎನ್ನುತ್ತದೆ. ನಿಸರ್ಗದ ನಿಯಮ ನಿನ್ನೆ ಇದ್ದಂತೆಯೇ ಇಂದೂ ಇದೆ; ಅದಕ್ಕಾಗಿಯೇ ಶಕ್ತಿ ಅಳಿಯುವುದಿಲ್ಲ. ಇಲ್ಲಿ ಇದ್ದಂತೆಯೇ ಅಲ್ಲಿಯೂ ಇದೆ. ಅದಕ್ಕಾಗಿಯೇ ಸಂವೇಗ ಉಳಿಯುತ್ತದೆ. ಯಾವ ದಿಕ್ಕಿಗೆ ತಿರುಗಿ ನಿಂತರೂ ಅದು ಒಂದೇ. ಅದಕ್ಕಾಗಿಯೇ ತಿರುಗುವ ಬುಗುರಿಯೂ ತಿರುಗುವ ಭೂಮಿಯೂ ತಮ್ಮ ತಿರುಗುವಿಕೆಯನ್ನು ಕಾಪಾಡಿಕೊಳ್ಳುತ್ತವೆ. ನಿಸರ್ಗ ಸಮಯಕ್ಕೆ, ಸ್ಥಳಕ್ಕೆ, ದಿಕ್ಕಿಗೆ ಪಕ್ಷಪಾತ ಮಾಡುವುದಿಲ್ಲ. ಅದು ಪಕ್ಷಪಾತ ಮಾಡದಿರುವುದರಿಂದಲೇ ಜಗತ್ತಿನಲ್ಲಿ ನೆಚ್ಚಿಕೊಳ್ಳುವಂಥದ್ದು ಏನಾದರೂ ಇದೆ. ಇಂಥ ಸತ್ಯವನ್ನು ಕಂಡ ಆ ಹೆಣ್ಣುಮಗಳು ಗಟ್ಟಿಂಗೆನ್ ವಿಶ್ವವಿದ್ಯಾಲಯದಲ್ಲಿ ವರ್ಷಗಳ ಕಾಲ ಡೇವಿಡ್ ಹಿಲ್ಬರ್ಟ್ ಅವರ ಹೆಸರಿನಲ್ಲಿ ಪಾಠ ಹೇಳಬೇಕಾಯಿತು, ಹೆಣ್ಣೆಂಬ ಕಾರಣಕ್ಕೆ. 1933ರಲ್ಲಿ ಯಹೂದಿಯೆಂಬ ಕಾರಣಕ್ಕೆ ಕೆಲಸವನ್ನೇ ಕಳೆದುಕೊಂಡು ದೇಶ ಬಿಡಬೇಕಾಯಿತು. ನಿಸರ್ಗ ಮಾಡದ ಪಕ್ಷಪಾತವನ್ನು ಮನುಷ್ಯ ಮಾಡುತ್ತಾನೆ ಎನ್ನುವುದಕ್ಕೆ ಇದಕ್ಕಿಂತ ನೋವಿನ ಸಾಕ್ಷಿ ಬೇಕೇ?

ಆದ್ದರಿಂದ ಸಮಮಿತಿಯ ಪ್ರಶ್ನೆ ನೀತಿಯ ಅಂಗಳಕ್ಕೂ ಬಂದೇ ಬರುತ್ತದೆ. ಜಗಳ ಬಿಡಿಸುವ ಹಿರಿಯರು ನಮ್ಮ ಹಳ್ಳಿಗಳಲ್ಲಿ ಹೇಳುತ್ತಿದ್ದ ಮಾತು ಒಂದೇ: ಅವನ ಜಾಗದಲ್ಲಿ ನಿಂತು ನೋಡು. ರಂಗೋಲಿಯ ಚುಕ್ಕಿಗಳಿಗೆ ಮಾಡಿದ ಪರೀಕ್ಷೆಯೇ ಇದು. ವಾದಿಯನ್ನೂ ಪ್ರತಿವಾದಿಯನ್ನೂ ಅದಲು ಬದಲು ಮಾಡಿ. ತೀರ್ಪು ಹಾಗೆಯೇ ನಿಂತರೆ ಅದು ನ್ಯಾಯ. ಆಳುವವನನ್ನೂ ಆಳಿಸಿಕೊಳ್ಳುವವನನ್ನೂ ಬದಲಿಸಿ. ಕಾನೂನು ಹಾಗೆಯೇ ಉಳಿದರೆ ಅದು ಧರ್ಮ. ಗಂಡನಿಗೆ ಒಪ್ಪುವ ಕೋಪ ಹೆಂಡತಿಗೆ ಒಪ್ಪದಿದ್ದರೆ, ಮಗನಿಗೆ ಸಲ್ಲುವ ಓದು ಮಗಳಿಗೆ ಸಲ್ಲದಿದ್ದರೆ, ಮೇಲಿನವರು ಮಾಡಿದಾಗ ತಪ್ಪೆನಿಸದ್ದು ಕೆಳಗಿನವರು ಮಾಡಿದಾಗ ಅಪರಾಧವಾದರೆ, ಆ ಮನೆ ಆ ಸಮಾಜ ಎಷ್ಟೇ ಅಲಂಕರಿಸಿಕೊಂಡಿದ್ದರೂ ವಕ್ರವಾಗಿಯೇ ಇದೆ. ಆ ವಕ್ರತೆಯನ್ನು ಕಾಣಲು ಗಣಿತ ಓದಿರಬೇಕಾಗಿಲ್ಲ, ಒಮ್ಮೆ ಜಾಗ ಬದಲಿಸುವ ಧೈರ್ಯವಿದ್ದರೆ ಸಾಕು.

ಇನ್ನೊಂದು ಪರೀಕ್ಷೆ ಒಳಗು ಹೊರಗಿನದು. ಧಾರವಾಡ ಸೀಮೆಯ ಕಸೂತಿಯಲ್ಲಿ ಗಾವಂತಿ ಎಂಬ ಹೊಲಿಗೆಯಿದೆ. ಬಟ್ಟೆಯ ಎಳೆ ಎಣಿಸಿಕೊಂಡು ಸೂಜಿ ಒಂದು ಹೆಜ್ಜೆ ಮೇಲೆ, ಒಂದು ಹೆಜ್ಜೆ ಕೆಳಗೆ ಎಂದು ಸಾಗುತ್ತದೆ. ಹೋಗುವಾಗ ಗೆರೆಯ ಅರ್ಧವಷ್ಟೇ ಕಾಣುತ್ತದೆ, ನಡುನಡುವೆ ಖಾಲಿ. ತಿರುಗಿ ಬರುವಾಗ ಅದೇ ದಾರ ಆ ಖಾಲಿಗಳನ್ನು ತುಂಬುತ್ತದೆ. ಗಂಟು ಹಾಕುವಂತಿಲ್ಲ, ಗಂಟು ಹಾಕಿದರೆ ಹಿಂಬದಿ ಸಿಕ್ಕಿಬೀಳುತ್ತದೆ. ಮುಗಿದ ಮೇಲೆ ಸೀರೆಯ ಸೆರಗನ್ನು ಮಗುಚಿ ನೋಡಿದರೆ ಹೊಲಿದ ಗೋಪುರ ಅತ್ತಲೂ ಗೋಪುರ, ಇತ್ತಲೂ ಗೋಪುರ. ಉಡುವವರಿಗೆ ಮಾತ್ರ ಗೊತ್ತಾಗುವ, ನೋಡುವವರಿಗೆ ಎಂದೂ ಕಾಣದ ಆ ಹಿಂಬದಿಗೆ ಇಷ್ಟು ಶ್ರಮ ಏಕೆ? ಕಾಣುವ ಮೈಗೆ ಒಂದು ನ್ಯಾಯ, ಕಾಣದ ಮೈಗೆ ಒಂದು ನ್ಯಾಯ ಎಂಬುದನ್ನು ಆ ಕೈಗಳು ಒಪ್ಪಲಿಲ್ಲ. ನಾಲ್ಕು ಜನರ ಎದುರು ಆಡುವ ಮಾತಿಗೂ ಕದ ಮುಚ್ಚಿಕೊಂಡ ಮೇಲೆ ಆಡುವ ಮಾತಿಗೂ ವ್ಯತ್ಯಾಸ ಉಳಿಯದಂತೆ ಬಾಳುವುದಕ್ಕೆ ನಮ್ಮ ಹಿರಿಯರು ಎಷ್ಟು ಹೆಸರಿಟ್ಟಿದ್ದಾರೋ! ಅವೆಲ್ಲವೂ ಈ ಸೆರಗಿನಲ್ಲಿವೆ.

ಕನ್ನಡ ನೆಲದ ಗಣಿತದಿಂದಲೂ ಒಂದು ಮಾತು ಕೇಳೋಣ. 9ನೇ ಶತಮಾನದಲ್ಲಿ, ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಜೈನ ವಿದ್ವಾಂಸ ಮಹಾವೀರಾಚಾರ್ಯ ತನ್ನ ಗಣಿತಸಾರಸಂಗ್ರಹದಲ್ಲಿ ಹಲವು ವಸ್ತುಗಳಿಂದ ಕೆಲವನ್ನು ಆರಿಸುವ ಬಗೆಗಳ ಲೆಕ್ಕಕ್ಕೆ ಸಾಮಾನ್ಯ ಸೂತ್ರ ಕೊಟ್ಟ. ಆ ಲೆಕ್ಕದ ಪ್ರಕಾರ ಹತ್ತರಿಂದ ಮೂರನ್ನು ಆರಿಸುವ ದಾರಿಗಳು 120. ಹತ್ತರಿಂದ ಏಳನ್ನು ಆರಿಸುವ ದಾರಿಗಳೂ 120. ಕಾರಣ ಸರಳ: ಮೂರನ್ನು ಕೈಗೆತ್ತಿಕೊಂಡಾಗಲೆಲ್ಲ ಏಳನ್ನು ಬಿಟ್ಟಿರುತ್ತೇವೆ. ಹಿಡಿದದ್ದರ ಲೆಕ್ಕವೂ ಬಿಟ್ಟದ್ದರ ಲೆಕ್ಕವೂ ಒಂದೇ. ಬದುಕಿನಲ್ಲಿ ನಾವು ಆರಿಸಿಕೊಂಡದ್ದರ ಪಟ್ಟಿಯನ್ನು ಎಲ್ಲರಿಗೂ ತೋರಿಸುತ್ತೇವೆ. ಬಿಟ್ಟುಕೊಟ್ಟದ್ದರ ಪಟ್ಟಿ ಅಷ್ಟೇ ಉದ್ದವಾಗಿ ಬೆನ್ನ ಹಿಂದೆ ನಿಂತಿರುತ್ತದೆ. ಒಬ್ಬರ ಬಾಳನ್ನು ಅವರು ಪಡೆದದ್ದರಿಂದ ಮಾತ್ರ ಅಳೆಯುವುದು ಅರ್ಧ ಲೆಕ್ಕವಲ್ಲದೆ ಮತ್ತೇನು?

ಇಷ್ಟೆಲ್ಲ ಹೇಳಿದ ಮೇಲೆ ಒಂದು ಅನುಮಾನ ಏಳಬೇಕು, ಏಳುವುದು ಒಳ್ಳೆಯದು. ಎಲ್ಲವೂ ಸಮಮಿತವಾಗಿಯೇ ಇರಬೇಕಾದರೆ ನಮ್ಮ ಹೃದಯ ಎಡಕ್ಕೆ ವಾಲಿದ್ದೇಕೆ? ಕಾರವಾರದ ಕಡಲಿನ ನಂಗು ಮೀನು ಮರಿಯಾಗಿದ್ದಾಗ ಎಲ್ಲ ಮೀನುಗಳಂತೆ ಎಡಕ್ಕೊಂದು ಬಲಕ್ಕೊಂದು ಕಣ್ಣಿಟ್ಟುಕೊಂಡು ಈಜುತ್ತದೆ. ಬೆಳೆಯುತ್ತ ಒಂದು ಕಣ್ಣು ತಲೆಯ ಮೇಲಿಂದ ಸರಿದು ಇನ್ನೊಂದರ ಬದಿಗೆ ಬರುತ್ತದೆ. ಮೀನು ಮರಳಿನ ಮೇಲೆ ಒಂದು ಮಗ್ಗುಲಾಗಿ ಮಲಗಿ ಮೇಲಕ್ಕೆ ನೋಡುತ್ತ ಬಾಳುತ್ತದೆ. ಬಾಳಿಗಾಗಿ ಅದು ಸಮಮಿತಿಯನ್ನೇ ತೆತ್ತಿತು. ಸಾವಿರಾರು ಶಂಖಗಳು ಒಂದೇ ಕಡೆ ಸುರುಳಿ ಸುತ್ತಿರುವಾಗ ಅಪರೂಪಕ್ಕೆ ಎದುರು ಸುತ್ತಿನದೊಂದು ಸಿಕ್ಕರೆ, ಅದನ್ನು ಬಲಮುರಿ ಎಂದು ದೇವರ ಪೀಠದ ಮೇಲಿಡುತ್ತೇವೆ. ನಿಸರ್ಗದ ಮೂಲದಲ್ಲೇ ಎಡ ಬಲಗಳ ನಡುವೆ ಸಣ್ಣದೊಂದು ಭೇದವಿದೆ ಎನ್ನುವುದನ್ನು 1957ರಲ್ಲಿ ಚಿಯೆನ್‌ಶಿಯುಂಗ್ ವು ಎಂಬ ವಿಜ್ಞಾನಿ ಕೋಬಾಲ್ಟ್ ಪರಮಾಣುಗಳ ಪ್ರಯೋಗದಿಂದ ತೋರಿಸಿಕೊಟ್ಟರು. ಪೂರ್ಣ ಸಮಮಿತಿ ಮುರಿದ ಕಡೆಯಲ್ಲೇ ಚರಿತ್ರೆ ಶುರುವಾಗುತ್ತದೆ ಎಂದರೆ ತಪ್ಪಾಗದು.

ನಮ್ಮ ಶಿಲ್ಪಿಗಳಿಗೂ ಇದು ತಿಳಿದಿತ್ತು. ಸೋಮನಾಥಪುರದ ಕೇಶವ ದೇವಾಲಯದ ಗರ್ಭಗುಡಿಗಳ ತಳವಿನ್ಯಾಸ ಹದಿನಾರು ಮೂಲೆಯ ನಕ್ಷತ್ರ. ಒಂದೇ ಕೇಂದ್ರದ ಮೇಲೆ ಚೌಕವನ್ನು ಸ್ವಲ್ಪ ಸ್ವಲ್ಪವೇ ತಿರುಗಿಸಿ ನಾಲ್ಕು ಸಲ ಬರೆದರೆ ಹುಟ್ಟುವ ಆಕೃತಿಯದು. ಹೊರಗೋಡೆಯ ಗುಂಟ ನಡೆಯುವಾಗ ಮೂಲೆಗಳು ಒಂದಾದ ಮೇಲೊಂದು ಬಿಸಿಲು ನೆರಳನ್ನು ಹಂಚಿಕೊಳ್ಳುತ್ತ ಬರುತ್ತವೆ. ಆದರೆ ಗರ್ಭಗುಡಿಯ ಮುಂಬದಿಗೆ ಬಂದಾಗ ನಕ್ಷತ್ರ ನಿಲ್ಲುತ್ತದೆ. ಅಲ್ಲಿ ಮೂಲೆಗಳಿಲ್ಲ, ಬಾಗಿಲಿದೆ. ಹದಿನಾರೂ ಮೂಲೆಗಳನ್ನು ಪೂರ್ತಿ ಮಾಡುವ ಹಟಕ್ಕೆ ಬಿದ್ದಿದ್ದರೆ ನಕ್ಷತ್ರ ಪೂರ್ಣವಾಗುತ್ತಿತ್ತು, ಒಳಗೆ ಹೋಗಲು ಮಾತ್ರ ಯಾರಿಗೂ ದಾರಿಯಿರುತ್ತಿರಲಿಲ್ಲ. ಒಳಗಿರುವ ದೇವರು ಕಾಣಬೇಕಾದರೆ ಹೊರಗಿನ ಪೂರ್ಣತೆ ಒಂದೆಡೆ ತೆರೆದುಕೊಳ್ಳಲೇಬೇಕು. ನಿಯಮಗಳನ್ನು ಚಾಚೂ ತಪ್ಪದೆ ಪಾಲಿಸಿ ಬಾಳಿದ, ಆದರೆ ಯಾರನ್ನೂ ಒಳಗೆ ಬಿಟ್ಟುಕೊಳ್ಳದ ಎಷ್ಟೋ ಸಜ್ಜನರನ್ನು ನಾವು ಕಂಡಿಲ್ಲವೇ? ನ್ಯಾಯಕ್ಕೆ ಸಮಮಿತಿ ಬೇಕು; ಕರುಣೆಗೆ ಒಂದು ಬಾಗಿಲು ಬೇಕು.

ಇದನ್ನು ಮತ್ತೊಂದು ಬಗೆಯಲ್ಲಿ ಹೇಳುವವರು ಹಳಿಯಾಳ, ಯಲ್ಲಾಪುರ, ಮುಂಡಗೋಡದ ಕಾಡಂಚಿನ ಸಿದ್ದಿ ಹೆಣ್ಣುಮಕ್ಕಳು. ಅವರು ಹೊಲಿಯುವ ಕೌದಿ ಅಂಚಿನಿಂದ ಶುರುವಾಗುತ್ತದೆ. ಹಳೆಯ ಸೀರೆ, ಅಂಗಿ, ಲಂಗದ ತುಂಡುಗಳನ್ನು ಮೂಲೆಯಿಂದ ಹಿಡಿದು, ಸುತ್ತುತ್ತ ಸುತ್ತುತ್ತ, ನಡುವಿನ ಕಡೆಗೆ ಹೊಲಿಯುತ್ತ ಬರುತ್ತಾರೆ. ಒಂದು ತುಂಡಿನಂತೆ ಇನ್ನೊಂದಿಲ್ಲ. ಒಂದರ ಪಕ್ಕ ಇನ್ನೊಂದು ಏಕೆ ಬಂತು ಎನ್ನುವುದಕ್ಕೆ ಕೈಯ ಒಲವೇ ಕಾರಣ. ಕೊನೆಗೆ ನಾಲ್ಕು ಮೂಲೆಗೆ ಮಡಚಿದ ಬಟ್ಟೆಯ ಒಂದೊಂದು ಹೂ ಕೂರಿಸುತ್ತಾರೆ. ಆ ಹೂ ಇಲ್ಲದ ಕೌದಿ ಅವರ ಕಣ್ಣಿಗೆ ಮುಗಿದ ಕೌದಿಯಲ್ಲ. ಒಳಗೆ ಎಷ್ಟು ಬಣ್ಣ, ಎಷ್ಟು ಆಕಾರ ಬೇಕಾದರೂ ಇರಲಿ. ನಾಲ್ಕು ಮೂಲೆಗೂ ಸಲ್ಲಬೇಕಾದದ್ದು ಸಮನಾಗಿ ಸಲ್ಲಲಿ. ಭಿನ್ನತೆಗೆ ಬೇಕಾದ ಸ್ವಾತಂತ್ರ್ಯ, ಒಟ್ಟಿಗೆ ಇರುವುದಕ್ಕೆ ಬೇಕಾದ ಸಮಾನತೆ ಎರಡೂ ಒಂದೇ ಹೊದಿಕೆಯಲ್ಲಿ ಕೂತಿವೆ.

ಒಂದೇ ತಾಲ್ಲೂಕಿನ ನೆಲದಲ್ಲಿ ಮಂಡಲ ನಡುವಿನಿಂದ ಅಂಚಿಗೆ ಬೆಳೆಯುತ್ತದೆ, ಕೌದಿ ಅಂಚಿನಿಂದ ನಡುವಿಗೆ ಬೆಳೆಯುತ್ತದೆ. ಒಂದು ಹಿಮಾಲಯ ದಾಟಿ ಬಂದವರದು. ಇನ್ನೊಂದು, ಕಡಲ ಆಚೆಯ ಆಫ್ರಿಕಾದಿಂದ ಪೂರ್ವಿಕರು ಬಂದು, ತಲೆಮಾರುಗಳ ಹಿಂದೆಯೇ ಈ ಕಾಡಿನವರಾದವರದು. ಇವುಗಳಲ್ಲಿ ಯಾವುದು ಸರಿ ಎಂದು ಕೇಳುವುದೇ ತಪ್ಪು. ಎಲ್ಲರೂ ಒಂದೇ ಥರ ಆಗಬೇಕೆಂದು ಹಂಬಲಿಸುವುದನ್ನು ಸಮಾನತೆ ಎಂದು ತಿಳಿಯುವ ಅಪಾಯ ಇಂದು ಹೆಚ್ಚಾಗಿದೆ. ಒಂದೇ ಮಾತು, ಒಂದೇ ಉಡುಗೆ, ಒಂದೇ ಅಡುಗೆ ಎಂಬುದು ಏಕತಾನ. ಅದಕ್ಕೂ ಇಲ್ಲಿ ಹೇಳುತ್ತಿರುವ ಸಮಮಿತಿಗೂ ಸಂಬಂಧವಿಲ್ಲ. ಬರಿಯ ಬಿಳಿ ಗೋಡೆಯ ಮುಂದೆ ಯಾರೂ ನಿಲ್ಲುವುದಿಲ್ಲ. ಸಮಮಿತಿಗೆ ಬೇರೆ ಬೇರೆ ಜಾಗಗಳು ಬೇಕು, ಬೇರೆ ಬೇರೆ ಚುಕ್ಕಿಗಳು ಬೇಕು. ಅವು ಜಾಗ ಬದಲಿಸಿಕೊಂಡಾಗ ಯಾವ ಚುಕ್ಕಿಯ ಮಾನಕ್ಕೂ ಕುಂದು ಬರದಿರುವುದು ಬೇಕು.

ಹಾಗಾಗಿ ಈ ಚಿಂತನೆಯಿಂದ ನಾವು ಒಯ್ಯಬಹುದಾದದ್ದು ಮೂರು ಪ್ರಶ್ನೆಗಳು. ಒಂದು ತೀರ್ಮಾನ ಕೈಗೊಳ್ಳುವ ಮುಂಚೆ ಕೇಳಿಕೊಳ್ಳೋಣ: ನಾನು ಆಚೆ ಬದಿಯಲ್ಲಿದ್ದರೂ ಇದನ್ನು ಒಪ್ಪುತ್ತಿದ್ದೆನೇ? ಒಂದು ಮಾತು ಆಡುವ ಮುಂಚೆ ಕೇಳಿಕೊಳ್ಳೋಣ: ಇದರ ಹಿಂಬದಿಯೂ ಮುಂಬದಿಯಂತೆಯೇ ಇದೆಯೇ? ಒಂದು ನಿಯಮಕ್ಕೆ ಹಟ ಹಿಡಿಯುವ ಮುಂಚೆ ಕೇಳಿಕೊಳ್ಳೋಣ: ಇದರಲ್ಲಿ ಒಬ್ಬರು ಒಳಗೆ ಬರುವಷ್ಟು ಬಾಗಿಲಿದೆಯೇ? ಮೊದಲ ಎರಡಕ್ಕೆ ಹೌದೆನ್ನುವವರು ನ್ಯಾಯವಂತರು, ಮೂರಕ್ಕೂ ಹೌದೆನ್ನುವವರು ದೊಡ್ಡವರು. ಹುಟ್ಟಿನಿಂದ ಬಂದ ಚೆಲುವು ಎಲ್ಲರಿಗೂ ದಕ್ಕುವುದಿಲ್ಲ, ವಯಸ್ಸಾದಂತೆ ಅದು ಉಳಿಯುವುದೂ ಇಲ್ಲ. ಬಾಳಿನ ಸಮಮಿತಿಯ ಈ ಚೆಲುವನ್ನು ಮಾತ್ರ ಯಾರು ಬೇಕಾದರೂ, ಯಾವ ವಯಸ್ಸಿನಲ್ಲಾದರೂ ಕಟ್ಟಿಕೊಳ್ಳಲು ಶುರುಮಾಡಬಹುದು.